ಸೆರಾಫಿನಜ್ಜಿ ಕಚ್ಚುವುದಿಲ್ಲ

ಸಾಂತಾ ಕ್ರೂಸ್
ಮಾರ್ಚ್ 3, 1997

ಬಸಿಲಿಯಕ್ಕನಿಗೆ,

ಈ ಕಾಗದ ಹರಿದುಹಾಕಬೇಕು ಅನ್ನಿಸಿದರೆ ಹರಿ, ಆದರೆ ಪೂರ್ತಿ ಓದಿ ಹರಿ. ಲಾ ಪಾಸ್ ಬಿಟ್ಟು ಬಂದಮೇಲೆ ನಿನಗೆ ಬರೆದಿಲ್ಲ. ನೀನೂ ಬರೆದಿಲ್ಲ. ಲೆಕ್ಕ ಸರಿಹೋಯಿತು ಅಂದುಕೊಳ್ಳೋಣ.

ಈಗ ಇಲ್ಲಿ ಒಂದು ಪ್ರಕಾಶನದಲ್ಲಿ ಸಂಪಾದಕನಾಗಿದ್ದೇನೆ. ಹೌದು, ಟೈ ಕಟ್ಟುತ್ತೇನೆ. ನಗಬೇಡ. ಭಯಾನಕ ಕಥೆಗಳ ಒಂದು ಸಂಕಲನ ತರುತ್ತಿದ್ದೇವೆ. ದೇಶದ ಮೂಲೆಮೂಲೆಯಿಂದ ಹನ್ನೆರಡು ಜನ ಬರೆಯುತ್ತಿದ್ದಾರೆ. ರಕ್ತಪಿಶಾಚಿಗಳ ಬಗ್ಗೆ ಬರೆಯುವ ಒಬ್ಬ ಡಾಕ್ಟರ್ ಇದ್ದಾನೆ, ತಲೆಯಿಲ್ಲದ ಕುದುರೆ ಸವಾರನ ಕಥೆ ಬರೆಯುವ ನಿವೃತ್ತ ಕರ್ನಲ್ ಇದ್ದಾನೆ. ಓದಿದೆ. ಒಂದಕ್ಕೂ ನನ್ನ ರೋಮ ಏಳಲಿಲ್ಲ. ಆಗ ನೀನು ನೆನಪಾದೆ.

ಗಿರಣಿ ಗೇಟಿನ ಮುಂದೆ ನಾವು ಧರಣಿ ಕೂತಾಗ, ಚಳಿಗೆ ಹಲ್ಲು ಕಡಿಯುತ್ತಿದ್ದ ನಮಗೆಲ್ಲ ನೀನು ದೆವ್ವದ ಕಥೆ ಹೇಳುತ್ತಿದ್ದೆ. ಕಾವಲಿಗೆ ಬಂದ ಪೊಲೀಸರೂ ಒಬ್ಬೊಬ್ಬರಾಗಿ ಹತ್ತಿರ ಸರಿದು ಕೂರುತ್ತಿದ್ದರು. ಕೊನೆಗೆ ನಮ್ಮನ್ನು ಹೊಡೆದು ಓಡಿಸಲು ಹುಕುಂ ಬಂದಾಗ, ಲಾಠಿ ಎತ್ತಿದವನೇ ನಿನ್ನ ಕಿವಿಯಲ್ಲಿ, "ಅಕ್ಕಾ, ಆ ಬಾವಿಯೊಳಗಿನ ಹೆಂಗಸು ಆಮೇಲೆ ಏನಾದಳು?" ಅಂತ ಕೇಳಿರಲಿಲ್ಲವಾ?

ಅಂಥ ಒಂದು ಕಥೆ ಬರೆದು ಕಳಿಸು. ಬಸ್ಸಿನ ಪಾರ್ಸಲ್ ಕೌಂಟರಿನಲ್ಲಿ ಕೊಟ್ಟರೆ ಮರುದಿನ ನನ್ನ ಕೈಗೆ ಬರುತ್ತದೆ.

ನಿನ್ನ ಹಳೆಯ ಸಂಗಾತಿ,
ಒಸ್ವಾಲ್ದೊ


ಲಾ ಪಾಸ್
ಏಪ್ರಿಲ್ 21

ಟೈ ಕಟ್ಟಿದ ತಮ್ಮಾ,

ಆ ಪೊಲೀಸಿನವನು ಕೇಳಿದ್ದು ನಿಜ. ಕೇಳಿ, ಉತ್ತರಕ್ಕೂ ಕಾಯದೆ ಹೊಡೆದ ಅನ್ನುವುದನ್ನು ನೀನು ಮರೆತಿದ್ದೀಯ. ಎಡ ಭುಜ ಇವತ್ತಿಗೂ ಮೋಡ ಕವಿದರೆ ನೋಯುತ್ತದೆ.

ಕಥೆ ಕಳಿಸಿದ್ದೇನೆ. ಕಾಗದ ಹೊಗೆ ಮೀನಿನ ವಾಸನೆ ಹೊಡೆದರೆ ಬೈಯಬೇಡ, ಅಂಗಡಿಯಲ್ಲೇ ಕೂತು ಬರೆದದ್ದು. ಇದು ನಮ್ಮ ಸಂತೆಯ ಸೆರಾಫಿನಜ್ಜಿಯ ಕಥೆ. ನೀನು ಹೋದಮೇಲೆ ಬಂದವಳು, ನಿನಗೆ ಗೊತ್ತಿಲ್ಲ. ಗುಡ್ಡದ ಮೇಲಿನ ಹಳೇ ಸ್ಮಶಾನವನ್ನು ಶ್ರೀಮಂತರು ಟೆನಿಸ್ ಆಡುವುದಕ್ಕೆ ಬುಲ್ಡೋಜರ್ ಹಚ್ಚಿ ಸಪಾಟು ಮಾಡಿದರು. ಅಲ್ಲಿಂದ ಒಂದು ತಲೆಬುರುಡೆ ಉರುಳುತ್ತ ಉರುಳುತ್ತ ಇಳಿದು ಬಂದು ನಮ್ಮ ಗ್ರೆಗೋರಿಯಾಳ ಬಿಳಿ ಒಣ ಆಲೂಗಡ್ಡೆಯ ರಾಶಿಯಲ್ಲಿ ನಿಂತಿತು. ಗ್ರೆಗೋರಿಯಾಗೆ ಕಣ್ಣು ಮಂಜು. ಅದನ್ನು ತಕ್ಕಡಿಗೆ ಹಾಕಿ ಗಿರಾಕಿಗೆ ತೂಗಿಯೂ ಬಿಟ್ಟಿದ್ದಳು. ಅದೇ ವಾರ ಅಜ್ಜಿ ಅವಳ ಕನಸಿಗೆ ಬಂದು, "ನನ್ನ ಹೆಸರು ಸೆರಾಫಿನಾ. ಚಳಿ ಕಣೇ, ಒಂದು ಟೋಪಿ ಕೊಡು" ಅಂದಳು. ಕೊಟ್ಟೆವು. ಕಪ್ಪು ಕನ್ನಡಕವನ್ನೂ ಕೊಟ್ಟೆವು, ಸಡಿಲವಾಗಿದ್ದ ದವಡೆಗೆ ತಂತಿ ಕಟ್ಟಿದೆವು. ಈಗ ನಮ್ಮ ಸಂಘದ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಧ್ಯಕ್ಷಿಣಿಗಿಂತ ಗತ್ತಿನಲ್ಲಿ ಕೂತಿದ್ದಾಳೆ. ಅಧ್ಯಕ್ಷಿಣಿ ನಾನೇ, ಅದಕ್ಕೇ ಹೇಳುತ್ತಿದ್ದೇನೆ.

ಕಥೆಯಲ್ಲಿ ಟೆನಿಸ್ ಆಡುವವರಿಗೆ ನೆಲದಡಿಯಿಂದ ಒಂದು ಮುದಿ ದನಿ ಕೇಳುತ್ತದೆ, "ಮಗಾ, ನನ್ನ ಉಳಿದದ್ದೆಲ್ಲ ಎಲ್ಲಿಟ್ಟೆ?" ಅಂತ. ಅಷ್ಟೇ. ಕೊನೆಯ ಸಾಲಿನಲ್ಲಿ ಕೆಳಗಿನ ಸಂತೆಯ ಹೆಂಗಸರಿಗೆ ಬುಲ್ಡೋಜರಿನ ಸದ್ದು ಕೇಳುತ್ತದೆ.

ಅದು ಕಥೆಯಲ್ಲ, ವರದಿ. ಸಂತೆಯ ಜಾಗದ ಒಡೆಯ ಕಾರು ನಿಲ್ಲಿಸುವ ಕಟ್ಟಡ ಕಟ್ಟಬೇಕಂತೆ. ಒಬ್ಬೊಬ್ಬರನ್ನೇ ಕರೆದು, "ಊರಾಚೆ ಮಳಿಗೆ ಕೊಡ್ತೀನಿ, ಇಲ್ಲಿ ಸಹಿ ಹಾಕು" ಅನ್ನುತ್ತಾನೆ. ಒಬ್ಬಳು ಹಾಕಿದರೆ ಎಲ್ಲರೂ ಹಾಳು. ಅದಕ್ಕೇ ವರ್ಷಕ್ಕೊಮ್ಮೆ, ಬುರುಡೆಗಳನ್ನು ಸಿಂಗರಿಸಿ ಸ್ಮಶಾನಕ್ಕೆ ಹೊತ್ತೊಯ್ಯುವ ನವೆಂಬರ್ ಎಂಟರ ಮೊಂಡುಮೂಗಮ್ಮಂದಿರ ಹಬ್ಬದ ದಿನ, ಒಬ್ಬೊಬ್ಬಳೂ ಅಜ್ಜಿಯ ನೆತ್ತಿಯ ಮೇಲೆ ಬರಿಗೈ ಇಟ್ಟು, "ಒಂಟಿಯಾಗಿ ಸಹಿ ಹಾಕಲ್ಲ" ಅಂತ ಆಣೆ ಮಾಡುತ್ತೇವೆ. ವಕೀಲ ಕೈಕೊಟ್ಟಿದ್ದಾನೆ, ಪಾದ್ರಿ ಕೈಕೊಟ್ಟಿದ್ದಾನೆ, ಪಕ್ಷದವರಂತೂ ಸರಿಯೇ ಸರಿ. ಅಜ್ಜಿಗೆ ಕೊಡಲು ಕೈಯೇ ಇಲ್ಲ.

ಅವಳು ನಮ್ಮವಳು. ಒಂದಕ್ಷರವೂ ತಿದ್ದಬೇಡ.

ಬಸಿಲಿಯಾ


ಸಾಂತಾ ಕ್ರೂಸ್
ಜೂನ್ 2

ಅಕ್ಕಾ,

ಓದಿದೆ. ಎರಡು ಸಲ ಓದಿದೆ. ಮನಸ್ಸು ಕಲಕಿತು. ಆದರೆ ಸಂಪಾದಕನಾಗಿ ಒಂದು ಮಾತು ಹೇಳಲೇಬೇಕು: ಇದರಲ್ಲಿ ಭಯ ಎಲ್ಲಿದೆ? ಕರ್ನಲನ ಕಥೆಯಲ್ಲಿ ಮೂರನೇ ಪುಟ ಮುಗಿಯುವಷ್ಟರಲ್ಲಿ ಒಂದು ಇಡೀ ಮದುವೆ ದಿಬ್ಬಣ ಸತ್ತಿರುತ್ತದೆ. ನಿನ್ನ ಅಜ್ಜಿ ಟೋಪಿ ಕೇಳುತ್ತಾಳೆ! ಓದುಗ ಹೆದರುವ ಬದಲು ಉಣ್ಣೆ ಹುಡುಕಿಕೊಂಡು ಹೋಗುತ್ತಾನೆ.

ನಾನು ಹೆಚ್ಚೇನೂ ಕೇಳುತ್ತಿಲ್ಲ. ಅವಳು ಒಮ್ಮೆ ಕಚ್ಚಲಿ. ಯಾರನ್ನಾದರೂ ಸರಿ. ಒಂದೇ ಒಂದು ಬೆರಳು, ಅಕ್ಕಾ. ಒಂದು ಬೆರಳಿನಿಂದ ಕಥೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಪ್ರೀತಿಯಿಂದ,
ಒಸ್ವಾಲ್ದೊ


ಲಾ ಪಾಸ್
ಜೂನ್ 15

ಒಸ್ವಾಲ್ದೊ,

ಇಲ್ಲ.

ಸೆರಾಫಿನಜ್ಜಿ ಕಚ್ಚುವುದಿಲ್ಲ. ಕಚ್ಚುವವರು ಬೇರೆ ಇದ್ದಾರೆ. ಅವರಿಗೆ ಹಲ್ಲು ಬೇಕಾಗುವುದಿಲ್ಲ, ಲಾಯರುಗಳಿರುತ್ತಾರೆ. ಬುರುಡೆ ಕಂಡರೆ ಹೆದರುವುದು ನಿನ್ನ ಓದುಗರ ಕಸುಬು. ನಾವು ಬುಲ್ಡೋಜರಿಗೆ ಹೆದರುತ್ತೇವೆ. ಅದೂ ಭಯವೇ. ಅದನ್ನು ಅಚ್ಚು ಹಾಕುವ ಎದೆ ಇದ್ದರೆ ಹಾಕು, ಇಲ್ಲದಿದ್ದರೆ ವಾಪಸ್ ಕಳಿಸು. ಮೀನು ಕಟ್ಟುವುದಕ್ಕಾದರೂ ಆಗುತ್ತದೆ.

ಬಸಿಲಿಯಾ


ಲಾ ಪಾಸ್
ಸೆಪ್ಟೆಂಬರ್ 9

ಎಲೋ ಒಸ್ವಾಲ್ದೊ,

ಪುಸ್ತಕ ಬಂತು. ಕಥೆಯ ಹೆಸರು "ರಕ್ತದ ಹಲ್ಲು" ಅಂತ. ನನ್ನ ಹೆಸರು ಅದರ ಕೆಳಗೆ. ಊರಿನ ಹೆಸರು, ಸಂತೆಯ ಗುರುತು, ಅಜ್ಜಿಯ ಹೆಸರು, ಟೋಪಿ, ಕನ್ನಡಕ ಎಲ್ಲ ಇದ್ದ ಹಾಗೇ ಇದೆ. ಅವಳು ಮಾತ್ರ ನಾಲ್ಕು ಬೆರಳು, ಒಬ್ಬ ಮದುಮಗಳು, ಮತ್ತು ಕೊನೆಗೆ ಒಬ್ಬ ಪಾದ್ರಿಯನ್ನು ತಿಂದಿದ್ದಾಳೆ. ಹೊಟ್ಟೆಯೇ ಇಲ್ಲದ ಮುದುಕಿ ಅಷ್ಟನ್ನೂ ಎಲ್ಲಿ ತುಂಬಿಕೊಂಡಳೋ ಅಂತ ಯೋಚಿಸಬಾರದಾ, ಬೃಹಸ್ಪತಿ?

ಇಲ್ಲಿ ಏನಾಗಿದೆ ಕೇಳು. ಹಣ್ಣಿನ ರಸ ಮಾರುವ ಹುಡುಗಿ ಹುಸ್ತಿನಾ ಅದನ್ನು ಸಂತೆಯ ನಡುವೆ ನಿಂತು ಜೋರಾಗಿ ಓದಿದಳು. ಪಾದ್ರಿ ಸತ್ತಾಗ ಒಂದಿಬ್ಬರು ಚಪ್ಪಾಳೆ ಹೊಡೆದರು, ಅದಿರಲಿ. ಮೊನ್ನೆ ಸಂಘಕ್ಕೆ ಹೊಸದಾಗಿ ಸೇರಿದವರ ಆಣೆ ಇತ್ತು. ಒಬ್ಬಳೂ ಕೈ ಇಡಲಿಲ್ಲ! "ನೀವು ಮೊದಲು ಇಡಿ ಅಕ್ಕಾ," "ನನಗೆ ಮಕ್ಕಳಿದಾವೆ ಅಕ್ಕಾ," "ಪುಸ್ತಕದಲ್ಲಿ ಬಂದಿದೆಯಲ್ಲ ಅಕ್ಕಾ, ಸುಳ್ಳು ಅಚ್ಚಾಗತ್ತಾ?" ಒಬ್ಬಳು ಪೊರಕೆಯ ಹಿಡಿಯನ್ನು ಅಜ್ಜಿಯ ನೆತ್ತಿಗೆ ತಾಗಿಸಿ ಆಣೆ ಹೇಳಿದಳು. ಪೊರಕೆ ಮಾಡಿದ ಆಣೆಯನ್ನು ಯಾರು ನಂಬಬೇಕು? ಅಜ್ಜಿಯನ್ನು ತಕ್ಕಡಿಯಲ್ಲಿ ತೂಗಿದ ಗ್ರೆಗೋರಿಯಾ, ಟೋಪಿ ಹೆಣೆದ ಗ್ರೆಗೋರಿಯಾ, ಅವಳೂ ಬಿಸಿ ಪಾತ್ರೆ ಹಿಡಿಯುವ ಕೈಗವಸು ತೊಟ್ಟುಕೊಂಡು ಬಂದಳು! "ಏನೇ ಇದು?" ಅಂದರೆ, "ಚಳಿ" ಅಂದಳು.

ಜಾಗದ ಒಡೆಯನ ಗುಮಾಸ್ತ ಏನು ಮಾಡುತ್ತಿದ್ದಾನೆ ಗೊತ್ತೇ? ನಿನ್ನ ಪುಸ್ತಕವನ್ನು ಕಟ್ಟುಗಟ್ಟಲೆ ಕೊಂಡುತಂದು ಸಂತೆಯಲ್ಲಿ ಪುಕ್ಕಟೆ ಹಂಚುತ್ತಿದ್ದಾನೆ. ಜೊತೆಗೆ ಸಹಿ ಹಾಕುವ ಕಾಗದ. "ಆ ರಕ್ಕಸಿಯ ಸಹವಾಸ ಯಾಕಮ್ಮಾ, ಹೊಸ ಮಳಿಗೆಗೆ ಬನ್ನಿ" ಅಂತ. ಲಾಠಿಗೆ, ಅಶ್ರುವಾಯುಗೆ ಒಡೆಯದ ಸಂಘ ಕಣೋ ಇದು. ನಿನ್ನ ನಾಲ್ಕು ಬೆರಳಿಗೆ ಒಡೆಯುತ್ತಿದೆ. ಹಬ್ಬದ ದಿನ ಬರಿಗೈಯ ಆಣೆ ಆಗದಿದ್ದರೆ, ವರ್ಷ ಮುಗಿಯುವ ಮುಂಚೆ ಇಲ್ಲಿ ಕಾರುಗಳು ನಿಂತಿರುತ್ತವೆ.

ತಿದ್ದಿದವನು ಯಾರು? ಹೇಳು.

ಬಸಿಲಿಯಾ


ಸಾಂತಾ ಕ್ರೂಸ್
ಸೆಪ್ಟೆಂಬರ್ 20

ಪ್ರಿಯ ಬಸಿಲಿಯಕ್ಕ,

ನಿನ್ನ ನೋವು ಅರ್ಥವಾಗುತ್ತದೆ. ನಾನು ಕೈ ಹಾಕಿಲ್ಲ. ಇಲ್ಲಿ ಕರಡು ತಿದ್ದುವ ಸೆನೋನ್ ಅಂತ ಒಬ್ಬ ಮುದುಕ ಇದ್ದಾನೆ. ಅವನ ಅತ್ಯುತ್ಸಾಹ. ಛೀಮಾರಿ ಹಾಕಿದ್ದೇನೆ.

ಆದರೂ ಒಂದು ಮಾತು. ನೀನೂ ನಾನೂ ಭೌತವಾದ ಓದಿದವರು. ಎಲುಬು ಅಂದರೆ ಸುಣ್ಣ. ಸುಣ್ಣಕ್ಕೆ ಮಾನಹಾನಿಯಾಗುವುದಿಲ್ಲ. ನಿನ್ನ ಜನಕ್ಕೆ ಇದನ್ನು ವೈಜ್ಞಾನಿಕವಾಗಿ ತಿಳಿಸಿ ಹೇಳು. ಪುಸ್ತಕವಂತೂ ಬಿಸಿ ರೊಟ್ಟಿಯ ಹಾಗೆ ಹೋಗುತ್ತಿದೆ. ಎರಡನೇ ಮುದ್ರಣಕ್ಕೆ ತಯಾರಿ ನಡೆದಿದೆ.

ಒಸ್ವಾಲ್ದೊ


ಲಾ ಪಾಸ್
ಅಕ್ಟೋಬರ್ 1

ಒಸ್ವಾಲ್ದೊ,

ಗಿರಣಿಯಲ್ಲಿ ಬೆಂಕಿ ಬಿದ್ದಾಗಲೂ ಮಾಲೀಕ ಹೇಳಿದ್ದು ಇದೇ: ಕೂಲಿಯವನ ತಪ್ಪು. ಆಗ ಟೇಬಲ್ ಗುದ್ದಿ, "ತಪ್ಪು ಯಾವಾಗಲೂ ಕೆಳಕ್ಕೇ ಯಾಕೆ ಇಳಿಯುತ್ತೆ?" ಅಂತ ಕೂಗಿದವನ ಹೆಸರೂ ಒಸ್ವಾಲ್ದೊ ಅಂತಲೇ ಇತ್ತು. ಅವನನ್ನು ಎಲ್ಲಾದರೂ ಕಂಡರೆ ನಾನು ಕೇಳಿದೆ ಅಂತ ಹೇಳು.

ನಾನು ಇನ್ನು ಜಗಳ ಮಾಡುವುದಿಲ್ಲ. ಒಂದೇ ಕೆಲಸ ಮಾಡಿದ್ದೇನೆ. ಅಜ್ಜಿಗೆ ಕಣ್ಣಿಲ್ಲ, ಓದಲಾರಳು. ಅದಕ್ಕೆ ನಿನ್ನ ಪುಸ್ತಕವನ್ನು ಅಟ್ಟೆಯಿಂದ ಅಟ್ಟೆಯವರೆಗೆ ಅವಳಿಗೆ ಓದಿ ಹೇಳಿದೆ. ಹನ್ನೆರಡೂ ಜನ ಲೇಖಕರ ಹೆಸರು, ಊರು, ಉದ್ಯೋಗ ಸಮೇತ. ಎಲ್ಲ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಹಾಗೆ ಓದಿ ಹೇಳಿದ್ದೇನೆ ಅಂತ ಆ ಹನ್ನೆರಡೂ ಜನಕ್ಕೆ ಒಂದೊಂದು ಕಾರ್ಡು ಹಾಕಿದ್ದೇನೆ. ಮರ್ಯಾದೆ ಅಲ್ಲವಾ?

ಬಸಿಲಿಯಾ


ಸಾಂತಾ ಕ್ರೂಸ್
ಅಕ್ಟೋಬರ್ 17

ಬಸಿಲಿಯಾ,

ಏನು ಮಾಡಿಟ್ಟೆ ಮಾರಾಯ್ತಿ?

ಮೊದಲು ಡಾಕ್ಟರ್ ಫೋನ್ ಮಾಡಿದ. ಪುಸ್ತಕದಲ್ಲಿ ಅವನ ಕಥೆ ನಿನ್ನ ಕಥೆಯ ಪಕ್ಕದಲ್ಲೇ ಇದೆ, ಪುಸ್ತಕ ಮುಚ್ಚಿದರೆ ಅವನ ಪುಟ ಅಜ್ಜಿಯ ಬಾಯಿಗೆ ಒತ್ತುತ್ತದಂತೆ. "ಎರಡನೇ ಮುದ್ರಣದಲ್ಲಿ ನನ್ನನ್ನು ದೂರ ಹಾಕಿ" ಅಂದ. ಹಾಕಿದೆ. ಅವನ ಜಾಗಕ್ಕೆ ಬಂದ ಪ್ರೊಫೆಸರನಿಗೆ ಹೇಗೋ ಗೊತ್ತಾಗಿ, ಅವನ ಹೆಂಡತಿ ಕಚೇರಿಗೇ ಬಂದು ಅತ್ತಳು. ಅವನನ್ನೂ ಸರಿಸಿದೆ. ಕರ್ನಲನನ್ನು ಹಾಕಿದೆ. ಸೈನಿಕ ಅಲ್ಲವಾ, ಧೈರ್ಯವಂತ ಅಂದುಕೊಂಡೆ. ಅವನು ವಕೀಲನ ಮೂಲಕ ಪತ್ರ ಕಳಿಸಿದ್ದಾನೆ: "ಸದರಿ ಬುರುಡೆಯಿಂದ ಕನಿಷ್ಠ ಮೂರು ಕಥೆಗಳ ಅಂತರದಲ್ಲಿ ನನ್ನ ಕಕ್ಷಿದಾರರನ್ನು ಇಡತಕ್ಕದ್ದು." ತನ್ನ ಕಾಲದಲ್ಲಿ ಎಷ್ಟು ಬುರುಡೆ ಉರುಳಿಸಿದವನೋ, ಒಂದಕ್ಕೆ ಹೆದರಿದ್ದಾನೆ!

ಹನ್ನೆರಡು ಜನ ಭಯದ ವ್ಯಾಪಾರಿಗಳು, ಅಕ್ಕಾ. ಒಬ್ಬನಿಗೂ ನಿನ್ನ ಅಜ್ಜಿಯ ಪಕ್ಕ ಕೂರುವ ಧೈರ್ಯವಿಲ್ಲ. ಕಥೆಯ ಆಚೆ ಈಚೆ ಖಾಲಿ ಹಾಳೆ ಬಿಡೋಣ ಅಂದರೆ, ಕವಯಿತ್ರಿ ಒಬ್ಬಳು "ಖಾಲಿ ಹಾಳೆಯನ್ನು ಅವಳು ದಾಟಲ್ಲ ಅಂತ ಏನು ಗ್ಯಾರಂಟಿ?" ಅಂತ ಕೇಳಿದಳು. ನಿನ್ನ ಕಥೆಯನ್ನೇ ಕಿತ್ತುಹಾಕೋಣ ಅಂದರೆ ಎಲ್ಲರೂ ಒಟ್ಟಿಗೆ ಚೀರಿದರು: "ಬೇಡ! ಇನ್ನೂ ಸಿಟ್ಟಾಗ್ತಾಳೆ!" ಮುದ್ರಣ ನಿಂತಿದೆ. ಯಜಮಾನರು ನನ್ನ ಮುಖ ನೋಡಿ ಕಾಫಿ ಕುಡಿಯುವುದನ್ನೂ ಬಿಟ್ಟಿದ್ದಾರೆ.

ಏನು ಮಾಡಿದರೆ ಮುಗಿಯುತ್ತದೆ? ಕೇಳುತ್ತಿರುವುದು ಪ್ರಕಾಶನದ ದೃಷ್ಟಿಯಿಂದ ಮಾತ್ರ. ನನಗೆ ಇದರಲ್ಲಿ ನಂಬಿಕೆಯಿಲ್ಲ ಅಂತ ಬರೆದಿಟ್ಟುಕೋ.

ಒಸ್ವಾಲ್ದೊ


ಲಾ ಪಾಸ್
ಅಕ್ಟೋಬರ್ 25

ತಮ್ಮಾ,

ಬರೆದಿಟ್ಟುಕೊಂಡೆ.

ಮೊಂಡುಮೂಗಮ್ಮಂದಿರಿಗೆ ಕೈಯಿಂದ ಮಾಡಿದ ಅಪಚಾರವನ್ನು ಕೈಯಿಂದಲೇ ತೀರಿಸಬೇಕು. ಎಂಟನೇ ತಾರೀಕು ಬೆಳಿಗ್ಗೆ ಊರಿನ ದೊಡ್ಡ ಸ್ಮಶಾನದ ಬಾಗಿಲಿಗೆ ಬಾ. ಬ್ಯಾಂಡು ನಿನ್ನ ಖರ್ಚು. ತುತ್ತೂರಿಯವರು ಕುಡಿಯದೇ ಬಂದಿರಬೇಕು, ಹೋಗುವಾಗ ಅವರಿಷ್ಟ. ಗುಲಾಬಿ ಕಿರೀಟ, ಕೋಕಾ ಎಲೆ, ಸಿಗರೇಟು ತಾ. ಅಜ್ಜಿ ಅಗ್ಗದ ಸಿಗರೇಟು ಸೇದುವುದಿಲ್ಲ.

ಎಲ್ಲರ ಮುಂದೆ ಅವಳ ಬಾಯೊಳಗೆ ಬಲಗೈ ಬೆರಳಿಟ್ಟು ಎರಡು ಮಾತು ಹೇಳಬೇಕು. ಒಂದು, "ಸೆರಾಫಿನಜ್ಜಿ ಕಚ್ಚುವುದಿಲ್ಲ." ಎರಡು, ಕಥೆ ತಿದ್ದಿದವರು ಯಾರು ಅನ್ನುವುದು. ಇಷ್ಟೇ. ಸುಣ್ಣಕ್ಕೆ ಯಾರಾದರೂ ಹೆದರುತ್ತಾರಾ?

ಶಾಲು ತಗೊಂಡು ಬಾ, ಆ ಸೆಕೆಯ ಊರಿನಲ್ಲಿದ್ದು ನಿನ್ನ ಚರ್ಮ ತೆಳ್ಳಗಾಗಿರುತ್ತದೆ.

ಬಸಿಲಿಯಕ್ಕ


ಸಾಂತಾ ಕ್ರೂಸ್
ನವೆಂಬರ್ 20

ಬಸಿಲಿಯಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ನೀನೇ ಕಾರಣ.

ಅಂದು ನೀನು ಅಲ್ಲೇ ನಿಂತಿದ್ದೆ. ಆದರೂ ನಡೆದದ್ದನ್ನು ಬರೆಯುತ್ತೇನೆ, ಯಾಕೆಂದರೆ ಹೊಟ್ಟೆ ಹಿಡಿದುಕೊಂಡು ನಗುವವರಿಗೆ ಕಣ್ಣು ಕಾಣಿಸುವುದಿಲ್ಲ. ನಾನು ಕಿರೀಟ ತೊಡಿಸಿದೆ. ಹಚ್ಚಿದ ಸಿಗರೇಟನ್ನು ಹಲ್ಲಿನ ಸಂದಿಗಿಟ್ಟೆ. ಅವಳು ಸೇದಿದಳು ಅಂತ ನಿನ್ನ ಜನ ಅಂದರು, ಗಾಳಿ ಅಂತ ನಾನು ಅಂದುಕೊಂಡೆ. ಸಿಗರೇಟು ತೆಗೆದು ಬೆರಳಿಟ್ಟೆ. "ಸೆರಾಫಿನಜ್ಜಿ ಕಚ್ಚುವುದಿಲ್ಲ" ಅಂದೆ. ಏನೂ ಆಗಲಿಲ್ಲ. ಹೆಂಗಸರೆಲ್ಲ ಉಸಿರು ಬಿಟ್ಟರು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ನೀನು ಬಿಟ್ಟೆಯಾ? "ಎರಡನೇದು, ಎರಡನೇದು" ಅಂತ ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರ ಹಿಡಿದೆ.

"ಕಥೆಯನ್ನು ನಾನು ತಿದ್ದಲಿಲ್ಲ, ಕರಡು ನೋಡುವ ಸೆನೋನ್..." ಅಂದೆ.

ಟಪ್!

ಹಲ್ಲು ಹಳೆಯದು, ಮೊನೆ ಹೊಸದು. ಬ್ಯಾಂಡಿನವರ ತುತ್ತೂರಿ ಅರ್ಧಕ್ಕೇ ನಿಂತಿತು. ಆ ಹುಸ್ತಿನಾ ಅನ್ನುವ ಹುಡುಗಿ, "ಕಚ್ಚಿದಳು! ಸುಳ್ಳಿಗೆ ಕಚ್ಚಿದಳು ಕಣ್ರೇ!" ಅಂತ ಕುಣಿದಳು. ಗ್ರೆಗೋರಿಯಾ ನನ್ನ ಬೆರಳು ಬಿಡಿಸುವ ಬದಲು ಅಜ್ಜಿಯ ಕೆನ್ನೆ ಸವರಿ, "ಬಿಡು ತಾಯಿ, ಹಲ್ಲು ಹೊಲಸಾಗತ್ತೆ" ಅಂದಳು. ಆಗ ತಿದ್ದಿದವನು ಅಂತ ಯಾರ ಹೆಸರು ಕೂಗಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಸ್ಮಶಾನಕ್ಕೆ ಸ್ಮಶಾನವೇ ಕೇಳಿಸಿಕೊಂಡಿದೆ.

ಅಕ್ಕಾ, ನನಗೆ ಕಣ್ಣಿದೆ. ಪೆಟ್ಟಿಗೆಯೊಳಗೆ ಅವಳ ಕಿವಿಯ ಹತ್ತಿರ, ಟೋಪಿಯ ಅಂಚಿನಡಿ, ಕಪ್ಪು ಎಲಾಸ್ಟಿಕ್ ಕಂಡೆ. ನಿಮ್ಮ ಹ್ಯಾಟುಗಳಿಗೆ ಕಟ್ಟುವಂಥದ್ದು. ಮೊದಲಿನ ಕಥೆಯಲ್ಲಿ ನೀನೇ ಬರೆದಿದ್ದೆ, ದವಡೆಗೆ ತಂತಿ ಕಟ್ಟಿದ್ದೇವೆ ಅಂತ. ತಂತಿ ಎಲಾಸ್ಟಿಕ್ ಆದದ್ದು ಯಾವಾಗ? ಆಗಿಸಿದವರು ಯಾರು?

ಇಲ್ಲಿಯ ಸುದ್ದಿ. ಕಟ್ಟು ಬದಲಿಸಿಕೊಳ್ಳಲು ನಮ್ಮ ರಕ್ತಪಿಶಾಚಿ ಡಾಕ್ಟರ್ ಹತ್ತಿರ ಹೋದೆ. ರಕ್ತ ನೋಡಿ ಕುರ್ಚಿ ಹಿಡಿದುಕೊಂಡು ಕೂತ, ನರ್ಸ್ ಕಟ್ಟಿದಳು. ಸೆನೋನ್ ನನ್ನ ಮೇಜಿನ ಹತ್ತಿರ ಬಂದು ಬೆರಳನ್ನು ಬಹಳ ಹೊತ್ತು ನೋಡಿ, "ನೋವು ಇದೆಯಾ ಸಾರ್?" ಅಂತ ಕೇಳಿದ. ಅವನು ನಗುವುದನ್ನು ಮೊದಲ ಸಲ ಕಂಡೆ. ಮತ್ತೆ ಲೇಖಕರು! ಅಜ್ಜಿ ಸುಳ್ಳು ಹೇಳಿದವರನ್ನು ಮಾತ್ರ ಕಚ್ಚುತ್ತಾಳೆ ಅನ್ನುವುದು ಪತ್ರಿಕೆಯಲ್ಲಿ ಬಂದಮೇಲೆ ಹನ್ನೊಂದು ಜನಕ್ಕೆ ಅವಳ ಪಕ್ಕದ ಪುಟವೇ ಬೇಕಂತೆ. ದೂರ ಇಟ್ಟರೆ ಜನ ಏನೆಂದುಕೊಳ್ಳುತ್ತಾರೆ ಅಂತ. ಕರ್ನಲ್ ಒಬ್ಬ ಮಾತ್ರ ತನ್ನ ಕಥೆ ವಾಪಸ್ ತಗೊಂಡಿದ್ದಾನೆ.

ಎಲಾಸ್ಟಿಕ್ ವಿಷಯಕ್ಕೆ ಉತ್ತರ ಬೇಕು. ಮತ್ತೆ ಎರಡನೇ ಮುದ್ರಣಕ್ಕೆ ನಿನ್ನ ಮೂಲ ಕಥೆಯನ್ನೇ ಹಾಕುತ್ತೇನೆ. ಒಂದಕ್ಷರವೂ ತಿದ್ದುವುದಿಲ್ಲ. ತಿದ್ದುವ ಬೆರಳೂ ಇಲ್ಲ.

ಒಸ್ವಾಲ್ದೊ


ಲಾ ಪಾಸ್
ಡಿಸೆಂಬರ್ 2

ಪ್ರೀತಿಯ ತಮ್ಮ ಒಸ್ವಾಲ್ದೊಗೆ,

ನೀನು ಬೆರಳಿಗೆ ಕಟ್ಟು ಕಟ್ಟಿಸಿಕೊಂಡು ಬಸ್ಸು ಹತ್ತಿದ ಮೇಲೆ ನಡೆದದ್ದನ್ನು ಕೇಳು.

ಎಲ್ಲರೂ ಆಣೆ ಮಾಡಿದರು. ಬರಿಗೈಯಲ್ಲಿ! ಸಾಲು ಸ್ಮಶಾನದ ಗೋಡೆ ಸುತ್ತಿ ಬಂತು. "ಸರಿಯೇ ಅತ್ಲಾಗೆ, ನಾನು ಮೊದಲು" ಅಂತ ನೂಕಾಟ. ಕೈ ಇಡಲು ಹಿಂಜರಿದವಳನ್ನು ಉಳಿದವರು, "ಯಾಕೇ, ಏನು ಮುಚ್ಚಿಟ್ಟಿದೀಯಾ?" ಅಂತ ನೋಡುವ ನೋಟವೇ ಸಾಕು. ಗ್ರೆಗೋರಿಯಾ ಕೈಗವಸನ್ನು ಅಜ್ಜಿಗೇ ಕಾಣಿಕೆ ಕೊಟ್ಟಳು. ಈಗಾಗಲೇ ಗುಟ್ಟಾಗಿ ಸಹಿ ಹಾಕಿದ್ದ ಇಬ್ಬರು ಅಲ್ಲೇ ಅತ್ತು, ಮರುದಿನ ಹೋಗಿ ತಮ್ಮ ಕಾಗದ ಕಿತ್ತುಕೊಂಡು ಬಂದರು.

ಒಡೆಯನ ಗುಮಾಸ್ತನೂ ಬಂದಿದ್ದ, ಕಂಕುಳಲ್ಲಿ ನಿನ್ನ ಪುಸ್ತಕದ ಕಟ್ಟು. ನಾನು ಅಜ್ಜಿಯನ್ನು ಎತ್ತಿಕೊಂಡು ಅವನ ಹತ್ತಿರ ಹೋದೆ. "ಸ್ವಾಮಿ, ಜಾಗದ ಪತ್ರ ಎಲ್ಲ ಸಾಚಾ ಅಂತ ಹೇಳ್ತೀರಲ್ಲ, ಊರಾಚೆ ಮಳಿಗೆ ಕಟ್ಟಿ ಮುಗಿದಿದೆ ಅಂತೀರಲ್ಲ. ಇಲ್ಲಿ ಬೆರಳಿಟ್ಟು ಒಮ್ಮೆ ಹೇಳಿಬಿಡಿ. ಈಗಲೇ ಎಲ್ಲರೂ ಸಹಿ ಹಾಕ್ತೀವಿ" ಅಂದೆ. ಅವನು ಅಜ್ಜಿಯನ್ನು ನೋಡಿದ. ನನ್ನನ್ನು ನೋಡಿದ. ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡ. ಪುಸ್ತಕದ ಕಟ್ಟು ಅಲ್ಲೇ ಬಿತ್ತು. ಜೇಬಿನಲ್ಲೇ ಕೈ ಇಟ್ಟುಕೊಂಡು ಬಾಗಿಲು ದಾಟಿ ಹೋದ. ಅವನಿಗೆ ಆಮೇಲೆ ಯಾರೂ ಸಹಿ ಹಾಕಿಲ್ಲ. ಒಡೆಯ ಬೇರೆ ಜಾಗ ಹುಡುಕುತ್ತಿದ್ದಾನಂತೆ. ಟೆನಿಸ್ ಅಂಗಳದ ಪಕ್ಕದಲ್ಲಿ. ಅದನ್ನೂ ನೋಡೋಣ.

ಎಲಾಸ್ಟಿಕ್ ವಿಷಯ ಕೇಳಿದ್ದೀಯ. ಮುಂದಿನ ಹಬ್ಬಕ್ಕೆ ಬಾ. ಬೆರಳಿಟ್ಟು ಅಜ್ಜಿಯನ್ನೇ ಕೇಳು.

ಎರಡನೇ ಮುದ್ರಣದ ಬಗ್ಗೆ ಸಂಘದ ಸಭೆಯಲ್ಲಿ ಚರ್ಚೆಯಾಯಿತು. ಮೂಲ ಕಥೆ ಹಾಗೇ ಇರಬೇಕು ಅಂತ ತೀರ್ಮಾನ. ಆದರೆ ಹುಸ್ತಿನಾ ಒಂದು ತಿದ್ದುಪಡಿ ತಂದಳು, ಎಲ್ಲರೂ ಕೈ ಎತ್ತಿದರು: ಕೊನೆಯಲ್ಲಿ ಅಜ್ಜಿ ಒಮ್ಮೆ ಕಚ್ಚಬೇಕು. ಮದುಮಗಳು ಬೇಡ, ಪಾದ್ರಿಯೂ ಬೇಡ. ಯಾರನ್ನು ಕಚ್ಚಿದಳು ಅನ್ನುವುದನ್ನು ಮಾತ್ರ ಹೆಸರು, ಊರು, ಉದ್ಯೋಗ ಸಮೇತ ಅಚ್ಚು ಹಾಕಬೇಕು. ಕರಡನ್ನು ಸೆನೋನ್ ನೋಡಲಿ.

ಮೊದಲು ಕೇಳಿದವನು ನೀನೇ ತಾನೇ. ಒಂದೇ ಒಂದು ಬೆರಳು.

ನಿನ್ನ ಅಕ್ಕ,
ಬಸಿಲಿಯಾ